ಫುಟ್‌ಬಾಲ್ ಕ್ಲಬ್ಬಿಗೂ ಆಷಾಢ ಬರುತ್ತೆ

ಬೆಂಗಳೂರಿನ ಆಸ್ಟಿನ್ ಟೌನ್ ಹತ್ತಿರದ ಒಂದು ಸಣ್ಣ ಫುಟ್‌ಬಾಲ್ ಕ್ಲಬ್ಬಿನವರು ಭಾನುವಾರ ಸಂಜೆ ಮಾತಾಡೋಕೆ ಕರೆದಿದ್ದರು. ಅಲ್ಲಿ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ಮಾತು ದಾರಿ ತಪ್ಪಿದ ಕಡೆ ಪೂರ್ತಿ ತಿದ್ದಿಲ್ಲ, ಸ್ವಲ್ಪ ಹಾಗೇ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಗೋಲಿನ ಕಥೆ. 2024ರ ಜುಲೈ 10, ಜರ್ಮನಿಯ ಡಾರ್ಟ್‌ಮುಂಡ್, ಯೂರೋ ಕಪ್ ಸೆಮಿಫೈನಲ್. ನಮ್ಮಲ್ಲಿ ಆಗಲೇ ರಾತ್ರಿ ಎರಡು ದಾಟಿತ್ತು. ಇಂಗ್ಲೆಂಡ್, ನೆದರ್ಲೆಂಡ್ಸ್ ಒಂದೊಂದು ಗೋಲಿಗೆ ನಿಂತಿದ್ದವು. ಬದಲಿಯಾಗಿ ಇಳಿದಿದ್ದ ಓಲಿ ವಾಟ್ಕಿನ್ಸ್, ಬೆನ್ನಿಗೆ ಅಂಟಿಕೊಂಡಿದ್ದ ಡಿಫೆಂಡರ್‌ನನ್ನು ಲೆಕ್ಕಕ್ಕೇ ಇಡದೆ ಗರಕ್ಕನೆ ತಿರುಗಿ, ಆಚೆ ಮೂಲೆಗೆ ಬಾರಿಸಿದ. ನಾನು ಕಿರುಚಿದ್ದಕ್ಕೆ ಪಕ್ಕದ ಮನೆಯಲ್ಲಿ ಲೈಟ್ ಹತ್ತಿತು.

ನಾನೇನೂ ಇಂಗ್ಲೆಂಡ್ ತಂಡದ ಭಕ್ತ ಅಲ್ಲ. ಆದರೆ ಈ ಹುಡುಗನನ್ನು 2016-17ರಲ್ಲಿ ತೀರಾ ಹತ್ತಿರದಿಂದ ನೋಡಿದ್ದೆ, ಅದೂ ನಾಲ್ಕನೇ ಮಟ್ಟದ ಲೀಗ್‌ನಲ್ಲಿ, ಒಂಬತ್ತು ಸಾವಿರ ಜನ ಕೂಡ ಹಿಡಿಸದ ಒಂದು ಗ್ರೌಂಡ್‌ನಲ್ಲಿ. ಊರು ಎಕ್ಸೆಟರ್. ಇಂಗ್ಲೆಂಡಿನ ನೈರುತ್ಯಕ್ಕೆ ಡೆವನ್ ಅಂತ ಒಂದು ಕೌಂಟಿ ಇದೆ, ಅದರ ಊರು. ಓದೋಕೆ ಅಂತ ಹೋಗಿದ್ದೆ. ಓದಿದ್ದಕ್ಕಿಂತ ಜಾಸ್ತಿ ಸೇಂಟ್ ಜೇಮ್ಸ್ ಪಾರ್ಕ್‌ನಲ್ಲಿ ನಿಂತಿದ್ದೆ ಅಂತ ಈಗ ಹೇಳಬಹುದು, ಅಪ್ಪ ಇಲ್ಲಿ ಕೂತಿಲ್ಲ.

ನಿಂತಿದ್ದೆ ಅಂದದ್ದು ಸುಮ್ನೆ ಅಲ್ಲ. ಅಲ್ಲಿ ಬಿಗ್ ಬ್ಯಾಂಕ್ ಅಂತ ಒಂದು ಟೆರೇಸ್ ಇದೆ, ಕುರ್ಚಿ ಇಲ್ಲ, ಮೆಟ್ಟಿಲು ಅಷ್ಟೇ. ಎದುರಿಗೆ ಆಟ, ಕೈಯಲ್ಲಿ ಪ್ಯಾಸ್ಟಿ. ಪ್ಯಾಸ್ಟಿ ಅಂದರೆ ಆಲೂಗಡ್ಡೆ, ಮಾಂಸ ತುಂಬಿದ ದೊಡ್ಡ ಕರ್ಜಿಕಾಯಿ ಅಂದುಕೊಳ್ಳಿ. ನಾನು ಹೋದ ವರ್ಷ ನವೆಂಬರ್‌ನಲ್ಲಿ ತಂಡ ಲೀಗ್ ಟೂ ಪಟ್ಟಿಯ ಕಟ್ಟಕಡೆಗೆ ಇತ್ತು. ಲೀಗ್ ಟೂ ಹೆಸರಿಗೆ ಎರಡು, ಲೆಕ್ಕಕ್ಕೆ ನಾಲ್ಕು. ಅಂಥ ತಂಡ, ಅಂಥ ಚಳಿ, ಮೇಲೆ ಅಡ್ಡಡ್ಡ ಬೀಳುವ ಮಳೆ. ಆದರೂ ಜನ ಬರುತ್ತಿದ್ದರು. ಪಕ್ಕ ನಿಲ್ಲುತ್ತಿದ್ದ ಒಬ್ಬ ಅಜ್ಜನನ್ನು ಕೇಳಿದೆ, ಹೀಗೆ ಸೋಲ್ತಾನೇ ಇದ್ದರೂ ಯಾಕೆ ಬರ್ತೀರ ಅಂತ. ಅವರು ನನ್ನ ಮುಖ ನೋಡಿ, ಇದು ನನ್ನ ಕ್ಲಬ್ಬು, ನಾನು ಇನ್ನೆಲ್ಲಿಗೆ ಹೋಗಲಿ ಅಂದರು. ಎಲ್ಲ ಅಭಿಮಾನಿಗಳೂ ಆಡುವ ಮಾತು ಅಂದುಕೊಂಡೆ. ಅವರು ಅಕ್ಷರಶಃ ನಿಜ ಹೇಳಿದ್ದರು ಅಂತ ಗೊತ್ತಾಗೋಕೆ ಒಂದು ತಿಂಗಳು ಬೇಕಾಯಿತು: ಆ ಕ್ಲಬ್ಬು ನಿಜವಾಗಲೂ ಅವರದ್ದೇ.

ಅದು ಹೇಗೆ ಅವರದ್ದಾಯಿತು ಅನ್ನೋದು ಒಂಥರಾ ವಿಚಿತ್ರ ಕಥೆ. 2002ರ ಜೂನ್‌ನಲ್ಲಿ ಮೈಕೆಲ್ ಜಾಕ್ಸನ್ ಈ ಗ್ರೌಂಡ್‌ಗೆ ಬಂದಿದ್ದರು. ಹೌದು, ಅದೇ ಮೈಕೆಲ್ ಜಾಕ್ಸನ್. ಚಮಚ ಬಗ್ಗಿಸುವ ಯೂರಿ ಗೆಲ್ಲರ್ ಆಗ ಕ್ಲಬ್ಬಿನ ಆಡಳಿತದಲ್ಲಿದ್ದರು, ಗೆಳೆಯನನ್ನು ಕರೆಸಿದ್ದರು. ಜನಜಾತ್ರೆ, ಟಿವಿ, ಫೋಟೋ. ಒಂದೇ ವರ್ಷಕ್ಕೆ, 2003ರಲ್ಲಿ, ತಂಡ ನಾಲ್ಕನೇ ಮಟ್ಟಕ್ಕಿಂತಲೂ ಕೆಳಗೆ, ಫುಟ್‌ಬಾಲ್ ಲೀಗ್‌ನಿಂದಲೇ ಆಚೆ ಬಿತ್ತು, ಕ್ಲಬ್ಬು ಸಾಲದಲ್ಲಿ ಮುಳುಗಿತ್ತು, ಆಗ ಆಡಳಿತ ನಡೆಸಿದ ಇಬ್ಬರ ಮೇಲೆ ಮುಂದೆ ಕೋರ್ಟಿನಲ್ಲಿ ವಂಚನೆಯ ಆರೋಪ ಸಾಬೀತಾಯಿತು. ಕೊಳ್ಳೋಕೆ ಯಾವ ಶ್ರೀಮಂತನೂ ಬರಲಿಲ್ಲ. ಯಾರು ಬರ್ತಾರೆ ಹೇಳಿ? ಕೊನೆಗೆ ಅಭಿಮಾನಿಗಳ ಟ್ರಸ್ಟ್ ಹೆಚ್ಚಿನ ಪಾಲು ಷೇರು ತೆಗೆದುಕೊಂಡು ತಾನೇ ಯಜಮಾನ ಆಯಿತು. ಜನರೇ ಬಂದು ಗ್ರೌಂಡ್‌ಗೆ ಬಣ್ಣ ಬಳಿದರು, ಆಫೀಸಿನಲ್ಲಿ ಫೋನ್ ಎತ್ತಿದರು, ಬಕೆಟ್ ಹಿಡಿದು ದುಡ್ಡು ಎತ್ತಿದರು.

ಟ್ರಸ್ಟ್ ಅಂದ ತಕ್ಷಣ ದೊಡ್ಡವರು ನಡೆಸುವ ಸಂಸ್ಥೆ ಅಂತ ಅನ್ನಿಸುತ್ತೆ ನಮಗೆ. ಇದು ಹಾಗಲ್ಲ, ನಮ್ಮ ಹಳ್ಳಿಯ ಹಾಲಿನ ಸೊಸೈಟಿ ಇದ್ದ ಹಾಗೆ. ಒಂದು ಹಸು ಇರಲಿ ಹತ್ತು ಇರಲಿ, ಸದಸ್ಯನಿಗೆ ಒಂದೇ ಓಟು, ಅಲ್ವಾ? ಅಲ್ಲೂ ಅಷ್ಟೇ. ನಾನಿದ್ದಾಗ ತಿಂಗಳಿಗೆ ಕನಿಷ್ಠ ಎರಡು ಪೌಂಡ್. ಆಗಿನ ಲೆಕ್ಕಕ್ಕೆ ನಮ್ಮಲ್ಲಿ ಎರಡು ಮಸಾಲೆ ದೋಸೆ, ಎರಡು ಕಾಫಿ. ಅಷ್ಟು ಕೊಟ್ಟವನಿಗೂ ಒಂದು ಓಟು, ಸಾವಿರ ಕೊಟ್ಟವನಿಗೂ ಒಂದು ಓಟು. ವರ್ಷಕ್ಕೊಮ್ಮೆ ಸಭೆ, ಲೆಕ್ಕಪತ್ರ, ಜಗಳ. ಜಗಳ ಇಲ್ಲದ ಸೊಸೈಟಿ ಎಲ್ಲಾದರೂ ನೋಡಿದ್ದೀರಾ?

ಸರಿ, ದುಡ್ಡಿನ ವಿಷಯಕ್ಕೆ ಬರೋಣ. ಎರಡು ಪೌಂಡ್‌ನಲ್ಲಿ ಕ್ಲಬ್ಬು ನಡೆಯುತ್ತಾ? ನಡೆಯಲ್ಲ. ಸಣ್ಣ ಕ್ಲಬ್ಬಿಗೆ ನಿತ್ಯದ ಊಟ ಬರೋದು ಟಿಕೆಟ್‌ನಿಂದ, ಊರಿನ ಅಂಗಡಿ-ಕಂಪನಿಗಳ ಬೋರ್ಡುಗಳಿಂದ, ಮೇಲಿನ ಲೀಗ್‌ಗಳಿಂದ ಕೆಳಗೆ ಹರಿದು ಬರುವ ಒಂದಿಷ್ಟು ಪಾಲಿನಿಂದ. ಇದರಲ್ಲಿ ಟಿಕೆಟ್ ದುಡ್ಡಿನದ್ದೇ ಒಂದು ತಮಾಷೆ ಇದೆ. ಸೀಸನ್ ಮೇ ತಿಂಗಳಿಗೆ ಮುಗಿಯುತ್ತೆ, ಮತ್ತೆ ಶುರು ಆಗೋದು ಆಗಸ್ಟ್‌ಗೆ. ನಡುವೆ ಮ್ಯಾಚ್ ಇಲ್ಲ, ಪ್ಯಾಸ್ಟಿ ಮಾರಾಟ ಇಲ್ಲ, ಏನೂ ಇಲ್ಲ. ಆದರೆ ಆಟಗಾರರ ಸಂಬಳ ನಿಲ್ಲಲ್ಲ. ಹುಲ್ಲು ಬೆಳೆಯೋದೂ ನಿಲ್ಲಲ್ಲ, ಅದಕ್ಕೆ ನೀರು, ಗೊಬ್ಬರ, ಆಳು ಎಲ್ಲ ಬೇಕು. ಜೂನ್, ಜುಲೈ. ನಮ್ಮ ಛತ್ರದವರಿಗೂ ಓಲಗದವರಿಗೂ ಆಷಾಢ ಹೇಗೋ, ಅವರಿಗೆ ಇದು ಹಾಗೆ. ಆ ಎರಡು ತಿಂಗಳು ದಾಟಿಸೋದು ಮುಂದಿನ ವರ್ಷದ ಸೀಸನ್ ಟಿಕೆಟ್ ದುಡ್ಡು. ಅಂದರೆ ಆಟ ತೋರಿಸುವ ಮೊದಲೇ ತಿಂದುಬಿಟ್ಟ ದುಡ್ಡು. ಅಭಿಮಾನಿ ಮೇ ತಿಂಗಳಲ್ಲೇ ಕಣ್ಣು ಮುಚ್ಚಿ ಟಿಕೆಟ್ ತಗೊಂಡರೆ ಕ್ಲಬ್ಬು ಬದುಕುತ್ತೆ, ತಂಡ ಹೇಗಿದೆ ನೋಡಿ ಆಗಸ್ಟ್‌ನಲ್ಲಿ ತಗೊಳ್ಳೋಣ ಅಂದರೆ ಒದ್ದಾಡುತ್ತೆ. ನಿಷ್ಠೆ ನಿಷ್ಠೆ ಅಂತೀವಲ್ಲ, ಅಕೌಂಟೆಂಟ್ ಭಾಷೆಯಲ್ಲಿ ಅದರ ಅರ್ಥ ಇಷ್ಟೇ: ಮೂರು ತಿಂಗಳು ಮುಂಚೆ ಬಂದ ದುಡ್ಡು.

ಎಕ್ಸೆಟರ್ ಕೂಡ ಒದ್ದಾಡಿದೆ. 2014ರ ಬೇಸಿಗೆಯಲ್ಲಿ ಸಂಬಳಕ್ಕೂ ಸಾಲದೆ ಆಟಗಾರರ ಸಂಘದಿಂದ ಸಾಲ ತರಬೇಕಾಯಿತು. ಸಂಬಳ ಕೊಡೋಕೆ ಸಂಬಳ ತಗೊಳ್ಳುವವರ ಸಂಘದಿಂದಲೇ ಸಾಲ! ಸಾಲ ತೀರುವವರೆಗೆ ಹೊಸ ಆಟಗಾರರನ್ನು ತರುವ ಹಾಗಿಲ್ಲ ಅಂತ ನಿರ್ಬಂಧ ಬೇರೆ. ಅಭಿಮಾನಿಗಳು ಯಜಮಾನರಾದರೆ ಎಲ್ಲ ಸರಿ ಹೋಗುತ್ತೆ ಅಂತ ಯಾರಾದರೂ ಹೇಳಿದರೆ ಈ ಕಥೆ ಹೇಳಿ. ಪೋರ್ಟ್ಸ್‌ಮತ್ ಕ್ಲಬ್ಬನ್ನು 2013ರಲ್ಲಿ ಅಭಿಮಾನಿಗಳೇ ಉಳಿಸಿಕೊಂಡರು, 2017ರಲ್ಲಿ ಅವರೇ ಓಟು ಹಾಕಿ ಒಬ್ಬ ಅಮೆರಿಕನ್ ಶ್ರೀಮಂತರಿಗೆ ಮಾರಿದರು. ತಪ್ಪು ಅನ್ನೋಕೆ ನನಗೆ ಬಾಯಿ ಬರಲ್ಲ. ಹಳೇ ಸ್ಟೇಡಿಯಂ ರಿಪೇರಿಗೆ ಬೇಕಾಗುವಷ್ಟು ದುಡ್ಡು ಬಕೆಟ್‌ನಲ್ಲಿ ಕೂಡಲ್ಲ.

ಇನ್ನೊಂದು ದುಡ್ಡು ಅದೃಷ್ಟದ್ದು. 2005ರ ಜನವರಿ 8. ಎಕ್ಸೆಟರ್ ಆಗ ಐದನೇ ಮಟ್ಟದಲ್ಲಿ ಆಡ್ತಾ ಇತ್ತು. ಸಣ್ಣ, ದೊಡ್ಡ ಕ್ಲಬ್ಬುಗಳೆಲ್ಲ ಒಟ್ಟಿಗೆ ಆಡುವ ಎಫ್‌ಎ ಕಪ್‌ನ ಚೀಟಿ ಎತ್ತಿದಾಗ ಬಿದ್ದದ್ದು ಮ್ಯಾಂಚೆಸ್ಟರ್ ಯುನೈಟೆಡ್, ಅದೂ ಓಲ್ಡ್ ಟ್ರಾಫರ್ಡ್‌ನಲ್ಲಿ. 67,551 ಜನ. ಯುನೈಟೆಡ್‌ನವರು ಹುಡುಗರನ್ನೇ ಜಾಸ್ತಿ ಇಳಿಸಿದ್ದರು. ಗೋಲು ಬರಲ್ಲ ಅಂತ ಗೊತ್ತಾದ ಮೇಲೆ ರೊನಾಲ್ಡೊ, ಸ್ಕೋಲ್ಸ್ ಎಲ್ಲರನ್ನೂ ಕಳಿಸಿದರು. ಕೊನೆಗೂ 0-0. ಗೇಟ್ ದುಡ್ಡಿನಲ್ಲಿ ನೂರಕ್ಕೆ 45 ಅವರಿಗೆ, 45 ಇವರಿಗೆ, ಉಳಿದ 10 ಎಲ್ಲರ ನಿಧಿಗೆ. ಅರವತ್ತೇಳು ಸಾವಿರ ಟಿಕೆಟ್‌ನ 45 ಪಾಲು ಅಂದರೆ ಎಕ್ಸೆಟರ್‌ಗೆ ಏನು ಅಂತ ನೀವೇ ಲೆಕ್ಕ ಹಾಕಿ. ಡ್ರಾ ಆದ್ದರಿಂದ ಇನ್ನೊಂದು ಮ್ಯಾಚ್, ಅದು ಇವರ ಊರಲ್ಲಿ, ಟಿವಿಯಲ್ಲಿ ನೇರ ಪ್ರಸಾರ. 2-0 ಸೋತರು. ಯಾರಿಗೆ ಬೇಸರ? ಹಳೇ ಸಾಲಗಾರರ ಜೊತೆ ಮಾಡಿಕೊಂಡಿದ್ದ ಒಪ್ಪಂದ ಮುಗಿಸೋಕೆ ಆ ಎರಡು ಮ್ಯಾಚಿನ ದುಡ್ಡೇ ದಾರಿ ಮಾಡಿತು.

ಬೇಜಾರಿನ ವಿಷಯ ಏನಂದರೆ ಈ ಬಾಗಿಲು ಈಗ ಮುಚ್ಚಿದೆ. 2024-25ರಿಂದ ಎಫ್‌ಎ ಕಪ್‌ನ ಮುಖ್ಯ ಸುತ್ತುಗಳಲ್ಲಿ ಮರುಪಂದ್ಯ ಇಲ್ಲ, ಡ್ರಾ ಆದರೆ ಅವತ್ತೇ ಹೆಚ್ಚುವರಿ ಸಮಯ, ಆಮೇಲೂ ಸಮ ಇದ್ದರೆ ಪೆನಾಲ್ಟಿ. ದೊಡ್ಡ ಕ್ಲಬ್ಬುಗಳ ಕ್ಯಾಲೆಂಡರ್‌ನಲ್ಲಿ ಜಾಗ ಇಲ್ಲವಂತೆ. ಎಕ್ಸೆಟರ್ ಬಹಿರಂಗವಾಗಿಯೇ ವಿರೋಧಿಸಿತು. ನೋಡಿ, ಅದೇ ಸೀಸನ್, 2025ರ ಫೆಬ್ರವರಿಯಲ್ಲಿ, ಅದೇ ಸೇಂಟ್ ಜೇಮ್ಸ್ ಪಾರ್ಕ್‌ನಲ್ಲಿ, ಪ್ರೀಮಿಯರ್ ಲೀಗ್‌ನ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಜೊತೆ 2-2. ಹಳೇ ನಿಯಮ ಇದ್ದಿದ್ದರೆ ಫಾರೆಸ್ಟ್‌ನ ದೊಡ್ಡ ಗ್ರೌಂಡ್‌ನಲ್ಲಿ ಇನ್ನೊಂದು ಮ್ಯಾಚು, ಇನ್ನೊಂದು 45 ಪಾಲು. ಪೆನಾಲ್ಟಿಯಲ್ಲಿ ಸೋತು ಮನೆಗೆ ಹೋದರು. ನನಗಂತೂ ಹೊಟ್ಟೆ ಉರಿಯಿತು.

ಮೂರನೇ ದುಡ್ಡು ಮನೆ ಮಕ್ಕಳದ್ದು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಎಕ್ಸೆಟರ್ ಹುಡುಗರನ್ನು ಬೆಳೆಸಿ ಮಾರುತ್ತೆ. ಹಳೇ ಅಭ್ಯಾಸ ಇದು. 1929ರಲ್ಲಿ ಹದಿನೇಳು ವರ್ಷದ ಕ್ಲಿಫ್ ಬ್ಯಾಸ್ಟಿನ್‌ನನ್ನು ಆರ್ಸೆನಲ್‌ಗೆ ಕೊಟ್ಟರು, ಆತ ಅಲ್ಲಿ ದಂತಕಥೆ ಆದ. ಟ್ರಸ್ಟ್ ಬಂದ ಮೇಲೆ ಅದೇ ಅಭ್ಯಾಸವನ್ನು ಲೆಕ್ಕ ಹಾಕಿ ಮಾಡೋಕೆ ಶುರು ಮಾಡಿದರು. 2015ರ ಜನವರಿಯಲ್ಲಿ ಮ್ಯಾಟ್ ಗ್ರೈಮ್ಸ್ ಸ್ವಾನ್‌ಸೀಗೆ ಹೋದ. ನಾನಿದ್ದ ವರ್ಷ ಈಥನ್ ಅಂಪಾಡು ಅಂತ ಒಬ್ಬ ಹುಡುಗ ಹದಿನೈದನೇ ವಯಸ್ಸಿಗೇ ಮೊದಲ ತಂಡಕ್ಕೆ ಆಡಿ ಬ್ಯಾಸ್ಟಿನ್ ದಾಖಲೆ ಮುರಿದ, ಮುಂದಿನ ಬೇಸಿಗೆಯಲ್ಲಿ ಚೆಲ್ಸಿ ಎತ್ತಿಕೊಂಡು ಹೋಯಿತು. ಅದೇ ಬೇಸಿಗೆಯಲ್ಲಿ ವಾಟ್ಕಿನ್ಸ್ ಬ್ರೆಂಟ್‌ಫರ್ಡ್‌ಗೆ.

ವಾಟ್ಕಿನ್ಸ್‌ನನ್ನು ಬೇಗ ಕೊಟ್ಟುಬಿಟ್ಟರು ಅಂತ ನನಗೂ ಅನ್ನಿಸಿತ್ತು. ಆದರೆ ಒಪ್ಪಂದದಲ್ಲಿ ಒಂದು ಸಾಲು ಸೇರಿಸಿದ್ದರು: ಮುಂದೆ ಬ್ರೆಂಟ್‌ಫರ್ಡ್ ಇವನನ್ನು ಮಾರಿದರೆ ನಮಗೂ ಒಂದು ಪಾಲು. ಕರು ಮಾರಿದ ಮೇಲೂ ಅದರ ಹಾಲಿನಲ್ಲಿ ಪಾಲು ಕೇಳಿದ ಹಾಗೆ. ಮೂರು ವರ್ಷ ಆದ ಮೇಲೆ, 2020ರ ಸೆಪ್ಟೆಂಬರ್‌ನಲ್ಲಿ, ಆಸ್ಟನ್ ವಿಲ್ಲಾ ಅವನಿಗೆ ಕೋಟಿಗಟ್ಟಲೆ ಪೌಂಡ್ ಸುರಿಯಿತು. ಆ ತಿಂಗಳು ನೆನಪಿದೆಯಾ? ಕೋವಿಡ್. ಗ್ರೌಂಡ್ ಬೀಗ ಹಾಕಿತ್ತು, ಒಂದು ಟಿಕೆಟೂ ಮಾರಾಟ ಇಲ್ಲ, ಇಡೀ ವರ್ಷವೇ ಆಷಾಢ. ಎಷ್ಟೋ ಸಣ್ಣ ಕ್ಲಬ್ಬುಗಳು ತತ್ತರಿಸುತ್ತಿದ್ದಾಗ ಎಕ್ಸೆಟರ್‌ಗೆ ಆ ಪಾಲು ಬಂದು ಬಿತ್ತು. 2022ರಲ್ಲಿ ಲೀಗ್ ಒನ್‌ಗೆ ಬಡ್ತಿಯೂ ಸಿಕ್ಕಿತು.

ಆದರೆ ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಊರಿನ ಹುಡುಗನನ್ನು ಮಾರಿದರೆ ಜನ ಸಿಟ್ಟಾಗಲ್ವಾ?

2017ರ ಮೇ ತಿಂಗಳ ಪ್ಲೇಆಫ್, ಅಂದರೆ ಬಡ್ತಿಗಾಗಿ ಆಡುವ ಪಂದ್ಯಗಳ ಕಥೆ ಹೇಳುತ್ತೇನೆ. ನವೆಂಬರ್‌ನಲ್ಲಿ ಕೊನೆಯಲ್ಲಿದ್ದ ತಂಡ ಐದನೇ ಸ್ಥಾನಕ್ಕೆ ಬಂದಿತ್ತು. ಸೆಮಿಫೈನಲ್ ಕಾರ್ಲೈಲ್ ಜೊತೆ, ಮೊದಲ ಪಂದ್ಯ 3-3. ಎರಡನೆಯದು ನಮ್ಮಲ್ಲಿ. ಅರ್ಧ ವರ್ಷಕ್ಕೇ ನಮ್ಮಲ್ಲಿ ಅಂತ ಬಾಯಿಗೆ ಬರೋಕೆ ಶುರುವಾಗಿತ್ತು, ನೋಡಿ. ವಾಟ್ಕಿನ್ಸ್ ಎರಡು ಗೋಲು ಹೊಡೆದ, ಕಾರ್ಲೈಲ್ ಎರಡನ್ನೂ ತೀರಿಸಿತು, ಎಲ್ಲ ಮುಗಿಯಿತು ಅನ್ನುವಾಗ ಹೆಚ್ಚುವರಿ ಸಮಯಕ್ಕೆ ಇನ್ನೇನು ಹೋಗಬೇಕು, 95ನೇ ನಿಮಿಷದಲ್ಲಿ ಜ್ಯಾಕ್ ಸ್ಟೇಸಿ ದೂರದಿಂದ ಒಂದು ಬಾರಿಸಿದ. ಬಿಗ್ ಬ್ಯಾಂಕ್‌ನಲ್ಲಿ ಯಾರು ಯಾರನ್ನು ಅಪ್ಪಿಕೊಂಡರೋ ಗೊತ್ತಿಲ್ಲ, ಅಜ್ಜನ ಕನ್ನಡಕ ನನ್ನ ಕೈಗೆ ಬಂದಿತ್ತು. ಹತ್ತು ದಿನ ಆದ ಮೇಲೆ ವೆಂಬ್ಲಿಯಲ್ಲಿ ಬ್ಲ್ಯಾಕ್‌ಪೂಲ್ ವಿರುದ್ಧ 2-1 ಸೋಲು. ಜುಲೈನಲ್ಲಿ ವಾಟ್ಕಿನ್ಸ್ ಹೊರಟ.

ಅಜ್ಜ ಬೈಯಲಿಲ್ಲ. ಆ ದುಡ್ಡು ಎಲ್ಲಿಗೆ ಹೋಗುತ್ತೆ ಅಂತ ಅವರಿಗೆ ಗೊತ್ತಿತ್ತು. ಸಭೆಯಲ್ಲಿ ಕೂತು ಕೇಳಿದ್ದರು, ಮಕ್ಕಳ ಅಕಾಡೆಮಿಗೆ ಎಷ್ಟು, ಗ್ರೌಂಡ್‌ಗೆ ಎಷ್ಟು ಅಂತ. ಅಲ್ಲಿನ ಹಳೇ ಮರದ ಗ್ಯಾಲರಿ ಬೀಳಿಸಿ ಹೊಸದು ಕಟ್ಟೋಕೆ ಗ್ರೌಂಡ್ ಪಕ್ಕದ ಸ್ವಲ್ಪ ಜಾಗವನ್ನೂ ವಿದ್ಯಾರ್ಥಿಗಳ ವಸತಿ ಕಟ್ಟಡಕ್ಕೆ ಬಿಟ್ಟುಕೊಟ್ಟರು, ಅದೂ ಎಲ್ಲರಿಗೂ ತಿಳಿದೇ ನಡೆದದ್ದು. ಮನೆಯ ಒಡವೆ ಮಾರಿದರೆ ಮನೆಯವರಿಗೆ ಬೇಸರ ಆಗುತ್ತೆ, ಯಾಕೆ ಮಾರಿದ್ದು ಅಂತ ಗೊತ್ತಿದ್ದರೆ ಮುನಿಸು ಬರಲ್ಲ. ಹೇಳದೆ ಕೇಳದೆ ಮಾರಿದರೆ ಮನೆ ಒಡೆಯುತ್ತೆ.

ಹೇಳದೆ ಕೇಳದೆ ನಡೆದದ್ದು ಬ್ಯೂರಿಯಲ್ಲಿ. 1894ರಿಂದ ಲೀಗ್‌ನಲ್ಲಿ ಇದ್ದ ಕ್ಲಬ್ಬು, ಎರಡು ಸಲ ಎಫ್‌ಎ ಕಪ್ ಗೆದ್ದದ್ದು. 2018ರ ಡಿಸೆಂಬರ್‌ನಲ್ಲಿ ಒಂದೇ ಒಂದು ಪೌಂಡ್‌ಗೆ ಕೈ ಬದಲಾಯಿತು. 2019ರ ಏಪ್ರಿಲ್ ಕೊನೆಗೆ ತಂಡ ಚೆನ್ನಾಗಿ ಆಡಿ ಮೇಲಿನ ಲೀಗ್‌ಗೆ ಬಡ್ತಿ ಪಡೆಯಿತು, ಆಟಗಾರರಿಗೆ ಸಂಬಳ ಮಾತ್ರ ಬರಲಿಲ್ಲ. ಆಗಸ್ಟ್ 27ಕ್ಕೆ ಲೀಗ್‌ನಿಂದಲೇ ಹೊರಗೆ ಹಾಕಿದರು. ಅಂದರೆ ಗೆಲುವು ಕ್ಲಬ್ಬನ್ನು ಉಳಿಸಲ್ಲ, ಅದು ಗ್ಯಾರಂಟಿ.

ಹಾಗಾದರೆ ಜನ ಯಾತಕ್ಕೆ ಅಂಟಿಕೊಳ್ಳುತ್ತಾರೆ? ನನಗೆ ಕಂಡದ್ದು ಒಂದೇ, ಜನ ತಾವು ಹೊತ್ತದ್ದನ್ನು ಬಿಡಲ್ಲ. ನಮ್ಮ ಬೀದಿ ಗಣೇಶನನ್ನೇ ನೋಡಿ. ರಸೀದಿ ಪುಸ್ತಕ ಹಿಡಿದು ಮನೆ ಮನೆಗೆ ಚಂದಾ ಕೇಳಿದ ಹುಡುಗ, ಪೆಂಡಾಲ್‌ಗೆ ಗಳ ಹೊತ್ತ ಹುಡುಗ ವಿಸರ್ಜನೆ ದಿನ ಮಳೆ ಬಂದರೂ ಮೆರವಣಿಗೆ ಬಿಟ್ಟು ಹೋಗಲ್ಲ. ಐನೂರು ರೂಪಾಯಿ ಕೊಟ್ಟು ಬಾಗಿಲು ಹಾಕಿಕೊಂಡವರು ಹೋಗ್ತಾರೆ. ಬರ್ಲಿನ್‌ನ ಯೂನಿಯನ್ ಕ್ಲಬ್ಬು ಇದಕ್ಕೆ ದೊಡ್ಡ ಸಾಕ್ಷಿ. 2004ರಲ್ಲಿ ದುಡ್ಡಿಲ್ಲದಾಗ ಅಭಿಮಾನಿಗಳು ರಕ್ತ ಕೊಟ್ಟು, ಅದಕ್ಕೆ ಸಿಕ್ಕ ಹಣವನ್ನು ಕ್ಲಬ್ಬಿಗೆ ಕೊಟ್ಟರು. 2008-09ರಲ್ಲಿ ಎರಡು ಸಾವಿರಕ್ಕೂ ಜಾಸ್ತಿ ಜನ ಸಂಬಳ ಇಲ್ಲದೆ ಗಾರೆ ಕೆಲಸ ಮಾಡಿ ಸ್ಟೇಡಿಯಂ ಕಟ್ಟಿದರು. ತಾನು ಕಾಂಕ್ರೀಟ್ ಹಾಕಿದ ಮೆಟ್ಟಿಲ ಮೇಲೆ ನಿಂತವನಿಗೆ ಇನ್ನೊಂದು ತಂಡ ಯಾಕೆ ಬೇಕು? ಲಂಡನ್‌ನ ವಿಂಬಲ್ಡನ್‌ನವರದ್ದು ಇನ್ನೂ ಮಜಾ. 2002ರಲ್ಲಿ ಅವರ ಕ್ಲಬ್ಬನ್ನು ತೊಂಬತ್ತು ಕಿಲೋಮೀಟರ್ ಆಚೆಯ ಮಿಲ್ಟನ್ ಕೀನ್ಸ್‌ಗೆ ಎತ್ತಿಕೊಂಡು ಹೋಗೋಕೆ ಅನುಮತಿ ಸಿಕ್ಕಿತು. ಅಭಿಮಾನಿಗಳು ಬಯಲಲ್ಲಿ ಟ್ರಯಲ್ಸ್ ನಡೆಸಿ ಹೊಸ ತಂಡ ಕಟ್ಟಿ, ಒಂಬತ್ತನೇ ಮಟ್ಟದಿಂದ ಶುರು ಮಾಡಿ, 2011ರಲ್ಲಿ ಲೀಗ್‌ಗೆ ವಾಪಸ್ ಬಂದರು.

ಇನ್ನೊಂದು ವಿಷಯ ದುಃಖದ್ದು. ಎಕ್ಸೆಟರ್‌ಗೆ ಆಡುತ್ತಿದ್ದ ಆಡಮ್ ಸ್ಟಾನ್ಸ್‌ಫೀಲ್ಡ್ 2010ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು, ಇನ್ನೂ 31 ವರ್ಷ. ಅವರ 9ನೇ ನಂಬರ್ ಅಂಗಿಯನ್ನು ಒಂಬತ್ತು ಸೀಸನ್ ಯಾರಿಗೂ ಕೊಡಲಿಲ್ಲ. ಅವರ ಮಗ ಜೇ ಅದೇ ಕ್ಲಬ್ಬಿನ ಅಕಾಡೆಮಿಯಲ್ಲಿ ಬೆಳೆದು, ಫುಲ್‌ಹ್ಯಾಮ್‌ಗೆ ಹೋಗಿ, 2022ರಲ್ಲಿ ಎರವಲು ಆಟಗಾರನಾಗಿ ಒಂದು ಸೀಸನ್‌ಗೆ ವಾಪಸ್ ಬಂದಾಗ ಆ ಅಂಗಿ ತೊಟ್ಟ. ನಾನು ಆಗ ಬೆಂಗಳೂರಲ್ಲಿದ್ದೆ, ಫೋನ್‌ನಲ್ಲಿ ಒಂದು ನಿಮಿಷದ ವಿಡಿಯೋ ನೋಡಿ ಬಸ್‌ನಲ್ಲೇ ಕಣ್ಣು ಒರೆಸಿಕೊಂಡೆ. ಯಾವ ಮಾರ್ಕೆಟಿಂಗ್‌ನವರೂ ಇದನ್ನು ಯೋಜನೆ ಹಾಕಿ ಮಾಡೋಕಾಗಲ್ಲ.

ಈಗ ನಮ್ಮ ಊರಿಗೆ. ಬೆಂಗಳೂರಿಗೆ ಫುಟ್‌ಬಾಲ್ ಹೊಸದಲ್ಲ, ಅದು ನಿಮಗೆ ನಾನು ಹೇಳಬೇಕಾಗಿಲ್ಲ. 1937ರಲ್ಲೇ ಬೆಂಗಳೂರು ಮುಸ್ಲಿಮ್ಸ್ ತಂಡ ರೋವರ್ಸ್ ಕಪ್ ತಂದಿತ್ತು. 1977ರಲ್ಲಿ ಮೊಟ್ಟಮೊದಲ ಫೆಡರೇಷನ್ ಕಪ್ ಗೆದ್ದದ್ದು ನಮ್ಮ ಐಟಿಐ, ಅದೂ ಮೋಹನ್ ಬಾಗಾನ್‌ನ ಸೋಲಿಸಿ. ಎಚ್‌ಎಎಲ್ 2012ರವರೆಗೆ ಐ-ಲೀಗ್‌ನಲ್ಲಿತ್ತು. ಆದರೆ ಐಟಿಐ, ಎಚ್‌ಎಎಲ್ ಎರಡೂ ಕಾರ್ಖಾನೆ ತಂಡಗಳು. ಹುಡುಗರಿಗೆ ಕೆಲಸ ಸಿಕ್ಕಿತು, ಪೆನ್ಷನ್ ಸಿಕ್ಕಿತು, ಅದು ಸಣ್ಣ ಮಾತಲ್ಲ. ಕಾರ್ಖಾನೆ ಕೈ ಬಿಟ್ಟರೆ ತಂಡಕ್ಕೆ ಬೇರೆ ದಿಕ್ಕಿರಲಿಲ್ಲ. ಮುಂಬೈನ ಮಹೀಂದ್ರಾ 2010ರಲ್ಲಿ, ಪಂಜಾಬಿನ ಜೆಸಿಟಿ 2011ರಲ್ಲಿ ಹಾಗೇ ಮುಚ್ಚಿದವು. 2025ರ ಜುಲೈನಲ್ಲಿ ದೇಶದ ದೊಡ್ಡ ಲೀಗ್ ಐಎಸ್‌ಎಲ್ ಅನ್ನು ಒಪ್ಪಂದದ ಗೊಂದಲದಲ್ಲಿ ತಡೆದು ನಿಲ್ಲಿಸಿದ ಮೇಲೆ, ಆಗಸ್ಟ್‌ನಲ್ಲಿ, ಕಂಠೀರವ ತುಂಬಿಸುವ ಬೆಂಗಳೂರು ಎಫ್‌ಸಿ ಕೂಡ ಆಟಗಾರರ ಸಂಬಳ ನಿಲ್ಲಿಸಬೇಕಾಯಿತು. ಕಂಠೀರವದ ವೆಸ್ಟ್ ಬ್ಲಾಕ್‌ನಲ್ಲಿ ಕೂಗುವ ಹುಡುಗರ ಗಂಟಲಿಗೆ ಕೊರತೆ ಇಲ್ಲ. ಆದರೆ ಆ ತಿಂಗಳಲ್ಲಿ ಅವರ ಕೈಯಲ್ಲಿ ಮಾಡೋಕೆ ಏನೂ ಇರಲಿಲ್ಲ, ಕಾಯೋದು ಅಷ್ಟೇ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಒಬ್ಬರು, ನಮ್ಮ ಮ್ಯಾಚಿಗೆ ಟಿಕೆಟ್ ಇಟ್ಟರೆ ಯಾರು ಸಾರ್ ತಗೊಳ್ತಾರೆ, ಫ್ರೀ ಅಂದರೂ ಬರಲ್ಲ ಅಂದರು. ಟಿಕೆಟ್‌ನಿಂದ ಶುರು ಮಾಡಬೇಡಿ ಅಂದೆ. ಹತ್ತು ಮನೆಯವರಿಗೆ ಹತ್ತು ಕೆಲಸ ಕೊಡಿ: ಗೆರೆ ಎಳೆಯೋದು, ನೀರು ತರೋದು, ಮಕ್ಕಳನ್ನು ಕರೆತರೋದು. ತಿಂಗಳ ಲೆಕ್ಕವನ್ನು ಕ್ಲಬ್ಬಿನ ಗೋಡೆಗೆ ಅಂಟಿಸಿ, ಮೈನಸ್ ಇದ್ದರೂ ಅಂಟಿಸಿ. ಇನ್ನೊಬ್ಬರು ಹುಡುಗರನ್ನು ಬೆಳೆಸಿದ್ದಕ್ಕೆ ನಮಗೇನಾದರೂ ಸಿಗುತ್ತಾ ಅಂತ ಕೇಳಿದರು. ಆಟಗಾರ ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್ಬಿಗೆ ದುಡ್ಡಿಗೆ ಹೋದರೆ, ಆ ದುಡ್ಡಿನ ನೂರಕ್ಕೆ ಐದು ಪಾಲು ಅವನನ್ನು 12ರಿಂದ 23 ವಯಸ್ಸಿನ ನಡುವೆ ಬೆಳೆಸಿದ ಕ್ಲಬ್ಬುಗಳಿಗೆ ಹಂಚಬೇಕು ಅಂತ ಫಿಫಾ ನಿಯಮ ಇದೆ. ನಮ್ಮವರು ಹಾಗೆ ಹೋಗೋದು ಅಪರೂಪ, ಸುಳ್ಳು ಆಸೆ ಹುಟ್ಟಿಸಲ್ಲ. ಆದರೂ ಹನ್ನೆರಡು ವರ್ಷದ ಹುಡುಗನ ನೋಂದಣಿ ಕಾಗದ ಸರಿಯಾಗಿ ಇಟ್ಟುಕೊಳ್ಳೋಕೆ ಏನು ಖರ್ಚು?

ಎಲ್ಲ ಮುಗಿದು ಚಹಾ ಕುಡಿಯುವಾಗ ಕ್ಲಬ್ಬಿನ ಕಾರ್ಯದರ್ಶಿ ಹತ್ತಿರ ಬಂದು, ಕೆಲಸ ಕೊಡಿ ಅಂದ್ರಲ್ಲ ಸಾರ್, ಬರೋ ಭಾನುವಾರ ಬೆಳಗ್ಗೆ ಆರಕ್ಕೆ ನೆಟ್ ಕಟ್ಟೋಕೆ ಬನ್ನಿ, ನಮ್ಮ ಹುಡುಗ ಊರಿಗೆ ಹೋಗಿದ್ದಾನೆ ಅಂದರು. ಹೋದೆ. ನೆಟ್ ಮೂರು ಕಡೆ ಹರಿದಿತ್ತು, ಪ್ಲಾಸ್ಟಿಕ್ ಹಗ್ಗದಲ್ಲಿ ಗಂಟು ಹಾಕಿ ಮುಗಿಸುವಷ್ಟರಲ್ಲಿ ಏಳೂವರೆ. ಮ್ಯಾಚು ಎಂಟಕ್ಕೆ ಇತ್ತು, ಅಲ್ಲೇ ಉಳಿದೆ.